ಹೋಳಿಗೆ ತಿನ್ನುವ ಪತ್ತೇದಾರ

ಯಾವ ಕಾಗದ ಕೈಗೆ ಬಂದರೂ ನಾನು ಮೊದಲು ತಿರುವುವುದು ಕೊನೆಯ ಪುಟ. ಲಗ್ನಪತ್ರಿಕೆ ಬಂದರೆ ಕೆಳಗೆ ಆಮಂತ್ರಿಸುವವರು ಯಾರೆಂದು ನೋಡಿದ ಮೇಲೆಯೇ ಮದುಮಗಳ ಹೆಸರು ಓದುತ್ತೇನೆ. ಸವಣೂರಿನಲ್ಲಿ ಮೂವತ್ತು ವರ್ಷ ವಕೀಲಿ ಮಾಡಿ, ನೋಟರಿಯೂ ಆಗಿ, ಕಾಗದದ ಕೊನೆಯಲ್ಲಿ ಸಹಿ ಇದೆಯೋ ಇಲ್ಲವೋ ಎಂದು ನೋಡಿ ನೋಡಿ ಹೀಗಾಗಿದೆ ಎಂದು ಜನ ತಿಳಿದಿದ್ದಾರೆ. ಊಟಕ್ಕೆ ಕೂತರೆ ನನ್ನ ಎಲೆಗೆ ಮೊದಲು ಮಜ್ಜಿಗೆ ಬಡಿಸಬೇಕೆಂದು ನನ್ನ ಯಜಮಾನರ ಚೇಷ್ಟೆ. ಆದರೆ ಈ ಚಾಳಿ ಅಂಟಿಕೊಂಡಿದ್ದು ಕೋರ್ಟಿನಲ್ಲಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ, ಶಾವಿಗೆ ಹೊಸೆಯುವ ಮಣೆಯ ಪಕ್ಕದಲ್ಲಿ. ಅಷ್ಟು ಹಿಂದಿನದನ್ನು ಮೊನ್ನೆ ಕೆದಕಿದ್ದು ಶಿಗ್ಗಾವಿಯಿಂದ ಬಂದ ಒಂದು ಫೋನು.

ಫೋನು ಮಾಡಿದವಳು ನೀಲಕ್ಕ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಎದುರು ಮನೆಯವಳು. ಈಗ ಎಂಬತ್ತರ ಹತ್ತಿರ ಬಂದಿದ್ದಾಳೆ. ಶಿಗ್ಗಾವಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಗ ಬಸವರಾಜನ ಮನೆಯಲ್ಲಿ ಇರುತ್ತಾಳೆ.

“ಸುಧವ್ವ, ಆ ಖೂನಿ ಪುಸ್ತಕ ಮತ್ತ ಅಚ್ಚಾಗಿ ಬಂದೈತಂತ. ಬಸುರಾಜ ತಂದಿಟ್ಟಾನ. ಅಂವಗ ಕುಂತು ಓದಾಕ ಪುರಸೊತ್ತಿಲ್ಲ, ನನಗ ಅಕ್ಷರ ಬರೂದಿಲ್ಲ. ನೀನ ಬಂದು ಓದವಾ. ಪೂರ್ತಿ ಓದಬೇಕು ಮತ್ತ.”

“ಬರ್ತೇನಿ ನೀಲಕ್ಕ, ಒಂದ್ ಸ್ವಲ್ಪ ಕೋರ್ಟಿನ ಕೆಲಸ ಮುಗೀಲಿ,” ಎಂದೆ. ಕೋರ್ಟಿಗೆ ಬೇಸಿಗೆ ರಜೆ ಎಂಬುದು ಆಕೆಗೂ ಗೊತ್ತಿತ್ತೋ ಏನೋ, ಹೂಂ ಎಂದು ಫೋನು ಇಟ್ಟಳು.

ನನಗೆ ಯಾಕೆ ಹೋಗಲು ಹೆದರಿಕೆ ಎಂದು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಲವತ್ತೈದು ವರ್ಷದ ಹಿಂದೆ ಅದೇ ಪುಸ್ತಕವನ್ನು ನಾನು ನೀಲಕ್ಕನಿಗೂ ಓಣಿಯ ಇತರ ಹೆಂಗಸರಿಗೂ ಓದಿ ಹೇಳಿದ್ದೆ. ಕೊನೆಯ ದಿನ ಸುಳ್ಳು ಓದಿದ್ದೆ. ಪುಸ್ತಕದಲ್ಲಿ ಕೊಲೆ ಮಾಡಿದವಳು ಮಲತಾಯಿ. ನೀಲಕ್ಕನೂ ಮಲತಾಯಿಯೇ. ಬಸವರಾಜ ಆಕೆ ಹೆತ್ತ ಮಗನಲ್ಲ. ಅವನ ತಾಯಿ ತೀರಿಕೊಂಡ ಮೇಲೆ ಹತ್ತಿಮತ್ತೂರಿನಿಂದ ಎರಡನೆಯ ಸಂಬಂಧಕ್ಕೆ ಬಂದವಳು ಆಕೆ. ಎಂಟು ಜನ ಹೆಂಗಸರ ಎದುರಿಗೆ, ಆಕೆಯೂ ಕೂತಿರುವಾಗ, “ಮಲತಾಯಿಯೇ ಕೊಂದಳು” ಎಂದು ಓದಲು ನನ್ನ ನಾಲಿಗೆ ಏಳಲಿಲ್ಲ. ಕೊಲೆಯನ್ನು ಎತ್ತಿ ಬೇರೆಯವರ ತಲೆಗೆ ಕಟ್ಟಿದೆ. ಬದುಕಿನಲ್ಲಿ ಮಾಡಿದ ಒಂದೇ ಒಂದು ಪುಣ್ಯದ ಕೆಲಸ ಎಂದು ಅದನ್ನು ಇಷ್ಟು ವರ್ಷ ಒಳಗೊಳಗೇ ಇಟ್ಟುಕೊಂಡು ಬಂದಿದ್ದೆ. ಈಗ ಅದೇ ಹೆಂಗಸು ಕರೆದು, ಪೂರ್ತಿ ಓದು ಎನ್ನುತ್ತಿದ್ದಾಳೆ.

ಪುಸ್ತಕದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ಓದಿ, ನಾನು ಎಲ್ಲೆಲ್ಲಿ ಕೈಯಾಡಿಸಿದ್ದೆ ಎಂದು ಲೆಕ್ಕ ಹಾಕುತ್ತೀರಿ. ಮೂಲ ಇಂಗ್ಲಿಷಿನದು, ಕಳೆದ ಶತಮಾನದ ಆರಂಭದ್ದು. ಕನ್ನಡಕ್ಕೆ ತಂದ ಪುಣ್ಯಾತ್ಮರು ಇಂಗ್ಲೆಂಡಿನ ಬಂಗಲೆಯನ್ನು ಕೆಡವಿ ಅಲ್ಲೊಂದು ದೇಸಾಯರ ವಾಡೆ ಕಟ್ಟಿದ್ದರು. ಸಾಹೇಬರು ದೇಸಾಯರಾದರು, ಅವರ ಮ್ಯಾನೇಜರ್ ಕಾರಭಾರಿಯಾದ. ಆದರೆ ಕಥೆಯ ಕೀಲಿ ಇರುವುದೇ ಹಿಮದಲ್ಲಿ ಮೂಡಿದ ಹೆಜ್ಜೆಗುರುತಿನಲ್ಲಿ. ಅದನ್ನು ಏನು ಮಾಡುವುದು? ಅವರು ಆಲಿಕಲ್ಲು ಮಳೆ ಸುರಿಸಿಬಿಟ್ಟರು. ಒಳಗಿನಿಂದ ಅಗಳಿ ಹಾಕಿದ ಕೋಣೆಯಲ್ಲಿ ದೇಸಾಯರು ಸತ್ತು ಬಿದ್ದಿದ್ದಾರೆ. ಹೊರಗೆ ಅಂಗಳದ ತುಂಬ ಆಲಿಕಲ್ಲು. ಅದರ ಮೇಲೆ ಯಾರದೋ ಪಾದ. ಸಂಶಯ ದೇಸಾಯರ ಮೊದಲ ಹೆಂಡತಿಯ ಮಗನ ಮೇಲೆ, ಅವನ ಮಲತಾಯಿಯ ಮೇಲೆ, ಮತ್ತು ಮನೆಯಲ್ಲಿ ಉಂಡು ಹೋದ ಎಲ್ಲರ ಮೇಲೆ.

ಈ ಪುಸ್ತಕ ಹಿರೇಕೆರೂರಿನ ನನ್ನ ಸೋದರಮಾವನ ಜೊತೆ ಆ ಬೇಸಿಗೆಯಲ್ಲಿ ನಮ್ಮ ಮನೆಗೆ ಬಂತು. ಮಧ್ಯಾಹ್ನ ವೀಳ್ಯದೆಲೆ ವ್ಯಾಪಾರದ ಗೌರವ್ವಕಾಕಿಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಶಾವಿಗೆ ಹೊಸೆಯಲು ಸೇರುತ್ತಿದ್ದರು. ಒಬ್ಬಳು ಮಣೆಯ ಮೇಲೆ ಕೂತು ಹಿಟ್ಟು ಹೊಸೆಯಬೇಕು, ಇನ್ನೊಬ್ಬಳು ಕೆಳಗೆ ಇಳಿಯುವ ಎಳೆಗಳನ್ನು ಹರಿಯದಂತೆ ಹಿಡಿದು ಕೋಲಿಗೆ ಹಾಕಬೇಕು. ಕೈಗೆ ಕೆಲಸ, ಬಾಯಿಗೆ ಜಗಳ. ಜಗಳ ತಪ್ಪಿಸಲು ಗೌರವ್ವಕಾಕಿ ನನ್ನನ್ನು ಕರೆಸಿದಳು. “ಪುರಾಣದವ್ರ ಮನಿ ಹುಡುಗಿ ಅದಿ. ಏನರ ಓದಿ ಹೇಳ ಬಾ.”

ನಮ್ಮ ಅಜ್ಜ ಮಠದಲ್ಲಿ ಪುರಾಣ ಹೇಳುತ್ತಿದ್ದರು. ಅದಕ್ಕೊಂದು ಕಟ್ಟುನಿಟ್ಟು: ಸಾವಿನ ಹತ್ತಿರ ಗ್ರಂಥ ಮುಚ್ಚಬಾರದು. ಯಾರಾದರೂ ಸತ್ತರೆ ಮುಂದೆ ಓದುತ್ತ ಹೋಗಿ, ಒಂದು ಮದುವೆಯೋ ಮಗು ಹುಟ್ಟುವುದೋ ಬಂದ ಮೇಲೆ ಆ ದಿನದ್ದು ಮುಗಿಸಬೇಕು. ಹೀಗಾಗಿ ಅಜ್ಜ ಬೆಳಗ್ಗೆಯೇ ಮುಂದಿನ ಪುಟಗಳನ್ನು ತಿರುವಿ, ಎಲ್ಲಿ ನಿಲ್ಲಿಸುವುದೆಂದು ಕಡ್ಡಿ ಇಟ್ಟುಕೊಳ್ಳುತ್ತಿದ್ದರು. ನಾನೂ ಪತ್ತೇದಾರಿ ಕಾದಂಬರಿಗೆ ಕಡ್ಡಿ ಇಡತೊಡಗಿದೆ. ಮುಂದಿನ ಪುಟ ಮೊದಲೇ ನೋಡುವ ನನ್ನ ಚಾಳಿ ಶುರುವಾದದ್ದು ಹೀಗೆ.

ಅಡಚಣೆ ಏನೆಂದರೆ, ಖೂನಿಯ ಪುಸ್ತಕದಲ್ಲಿ ಮಂಗಳ ಎಲ್ಲಿ ಹುಡುಕುವುದು? ಪ್ರತಿ ಅಧ್ಯಾಯವೂ ಚೀರಾಟದಲ್ಲೋ ರಕ್ತದಲ್ಲೋ ಮುಗಿಯುತ್ತಿತ್ತು. ಮೊದಲನೆಯ ದಿನ ಹಾಗೇ ಮುಚ್ಚಲು ಹೋದೆ.

“ಹೆಣದ ಕಡೆ ಬಿಟ್ಟ ಎದ್ದ ಹೋಗಬ್ಯಾಡವಾ,” ಎಂದಳು ಗೌರವ್ವಕಾಕಿ. “ಸಣ್ಣ ಮಕ್ಕಳ ಮನಿ. ಯಾರರ ಒಂದ್ ದೀಪ ಹಚ್ಚಲಿ, ಇಲ್ಲಾ ಉಣ್ಣಲಿ.”

ಪತ್ತೇದಾರನಿಗೆ ಉಣಬಡಿಸಿದೆ. ಅಂದು ಹೋಳಿಗೆ ಮತ್ತು ಕಟ್ಟಿನ ಸಾರು. ಮರುದಿನ ಎರಡನೆಯ ಹೆಣ ಬಿದ್ದಾಗ ಅವನು ಕಡಬು ತಿಂದ. ಮೂರನೆಯ ದಿನ ವಾಡೆಯ ಆಕಳು ಕರು ಹಾಕಿತು. ನಾಲ್ಕನೆಯ ದಿನ ನನಗೇ ಏನೂ ಹೊಳೆಯದೆ ಮತ್ತೆ ಹೋಳಿಗೆಯನ್ನೇ ತಿನ್ನಿಸಿದೆ. ಹೆಂಗಸರಿಗೆ ಅವನ ಮೇಲೆ ಅಕ್ಕರೆ ಹುಟ್ಟಿತು. ಬ್ರಹ್ಮಚಾರಿ ಪಾಪ, ಮನೆಯಲ್ಲಿ ಮಾಡಿ ಹಾಕುವವರಿಲ್ಲ ಎಂದು ಮಾತಾಡಿಕೊಂಡರು.

ಆದರೆ ಮಲತಾಯಿಯ ಹೆಸರು ಬಂದಾಗೆಲ್ಲ ಅವರ ದನಿ ಬೇರೆಯಾಗುತ್ತಿತ್ತು. “ಆಕಿನ ನೋಡವಾ. ಮತ್ಯಾರಲ್ಲ,” ಎನ್ನುತ್ತಿದ್ದಳು ಗೌರವ್ವಕಾಕಿ. ಯಾರೂ ನೀಲಕ್ಕನ ಕಡೆ ನೋಡುತ್ತಿರಲಿಲ್ಲ. ಹಾಗೆ ನೋಡದೆ ಇರುವುದೇ ನೋಡಿದಂತೆ ಇತ್ತು. ಬಸವರಾಜ ಸ್ವಲ್ಪ ಬಡಕಲಾಗಿ ಕಂಡರೂ ಓಣಿಯಲ್ಲಿ ಮಾತು ಏಳುತ್ತಿದ್ದ ಕಾಲ ಅದು. ನೀಲಕ್ಕನ ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಆಕೆಯಷ್ಟು ಸಣ್ಣ ಎಳೆ ಯಾರೂ ಹೊಸೆಯುತ್ತಿರಲಿಲ್ಲ.

ಕೊನೆಯ ದಿನ ಬೆಳಗ್ಗೆ ಕಡ್ಡಿ ಇಡಲೆಂದು ಮುಂದಿನ ಪುಟ ತಿರುವಿದೆ. ಅಲ್ಲಿ ಮಲತಾಯಿ ಪೊಲೀಸರಿಗೆ ಬರೆದ ಪತ್ರವಿತ್ತು. “ದೇಸಾಯರನ್ನು ಕೊಂದವಳು ನಾನೇ” ಎಂಬ ಮೊದಲ ಸಾಲು, ಕೆಳಗೆ ಸಹಿ. ನಮ್ಮದು ಅಜ್ಜನಿಂದ ಪುರಾಣಿಕರ ಮನೆ, ಅಪ್ಪನಿಂದ ವಕೀಲರ ಮನೆ. ಸಹಿ ಬಿದ್ದ ಕಾಗದದ ಆಚೆಗೆ ಏನೂ ಉಳಿದಿರುವುದಿಲ್ಲ ಎಂದು ಅಪ್ಪನ ಬಾಯಿಂದ ಕೇಳುತ್ತ ಬೆಳೆದವಳು ನಾನು. ಉಳಿದ ಹಾಳೆಗಳಲ್ಲಿ ಕೋರ್ಟು, ಗಲ್ಲು ಇರಬೇಕೆಂದುಕೊಂಡು, ಮುಂದೆ ಒಂದು ಪುಟವನ್ನೂ ತಿರುವದೆ ಪುಸ್ತಕ ಮುಚ್ಚಿದೆ.

ಮಧ್ಯಾಹ್ನ ಬಾಗಿಲಲ್ಲೇ ನೀಲಕ್ಕ ಸಿಕ್ಕಳು. ನನ್ನ ಅಂಗೈಗೆ ಬೆಲ್ಲ, ಶೇಂಗಾ ಹಾಕಿ, “ಇವತ್ತ ಮುಗೀತೈತೇನವಾ?” ಎಂದಳು. ಹೂಂ ಎಂದೆ. ಮತ್ತೇನೋ ಕೇಳುವವಳಿದ್ದಳು, ಕೇಳದೆ ಒಳಗೆ ಹೋದಳು.

ಪತ್ರದ ಪುಟವನ್ನೇ ತೆರೆದಿಟ್ಟುಕೊಂಡು ಅರ್ಧ ತಾಸು ನನ್ನದೇ ಕಥೆ ಹೇಳಿದೆ. ಕೊಲೆಗಾರ ಡಾಕ್ಟರ್, ವಿಷದ ಸೂಜಿ ಚುಚ್ಚಿ ಕೊಂದ ಎಂದೆ. ಪಾಪ, ಅವನು ಇಡೀ ಪುಸ್ತಕದಲ್ಲಿ ಎರಡು ಪುಟ ಬಂದು ಹೋಗುವ ಮನುಷ್ಯ. ಆದರೆ ಹಿಂದಿನ ವಾರವೇ ನಮ್ಮೂರಿನ ಡಾಕ್ಟರು ನನಗೆ ಸೂಜಿ ಚುಚ್ಚಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಡಾಕ್ಟರನನ್ನು ಹಿಡಿದು, ದೇಸಾಯರ ಮಗನಿಗೆ ಲಗ್ನ ಮಾಡಿಸಿ, ಪತ್ತೇದಾರನಿಗೆ ಕೊನೆಯ ಹೋಳಿಗೆ ತಿನ್ನಿಸಿ ಮುಗಿಸಿದೆ.

“ಡಾಕ್ಟರ್ ಯಾಕ ಕೊಂದಾನ? ನನಗೇನೂ ಬಗೀಹರೀಲಿಲ್ಲ,” ಎಂದಳು ಗೌರವ್ವಕಾಕಿ. “ಏನ ಅನ್ನು, ಆ ಮಲತಾಯಿ ಮ್ಯಾಲಿನ ಸಂಶಯ ನನಗ ಹೋಗೂದಿಲ್ಲ.”

ನೀಲಕ್ಕ ಎದ್ದು ಸೆರಗಿಗೆ ಕೈ ಒರೆಸಿಕೊಂಡು ಮನೆಗೆ ಹೋದಳು. ಬದುಕಿಸಿದೆ ಎಂದುಕೊಂಡು ನಾನು ಶೇಂಗಾ ತಿಂದೆ. ಮರುದಿನ ಮಾವ ಪುಸ್ತಕ ತೆಗೆದುಕೊಂಡು ಹಿರೇಕೆರೂರಿಗೆ ಹೋದ.

ಇದು ಹಳೆಯ ಪುರಾಣ. ಈಗಿನದಕ್ಕೆ ಬರೋಣ. ನಮ್ಮ ನಾಲ್ಕು ತಾಲೂಕುಗಳಲ್ಲಿ ಪುಸ್ತಕದ ಹುಚ್ಚಿನವರು ಕೆಲವರಿದ್ದೇವೆ. ಎರಡು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಚಹಾ ಕುಡಿದು, ಒಂದು ಪುಸ್ತಕದ ಬಗ್ಗೆ ಜಗಳಾಡಿ ಬರುತ್ತೇವೆ. ಈ ಹಳೆಯ ಕಾದಂಬರಿ ಮತ್ತೆ ಅಚ್ಚಾಯಿತೆಂದು ಈ ಸಲ ಅದನ್ನೇ ಆರಿಸಿದರು. ಬಜಾರದಲ್ಲಿ ಸಿಕ್ಕ ಬಸವರಾಜನಿಗೆ ಆ ಸುದ್ದಿ ಹೇಳಿದವಳೂ ನಾನೇ. ಬಾಯಿ ಸುಮ್ಮನಿರುವುದಿಲ್ಲ. ನೀಲಕ್ಕನ ಫೋನು ಬಂದ ವಾರವೇ ಹಾನಗಲ್ಲಿನಲ್ಲಿ ಕೂಟವಿತ್ತು. ಪುಸ್ತಕ ಕೊಂಡಿದ್ದೆ, ತೆರೆದಿರಲಿಲ್ಲ. ಗೊತ್ತಿರುವ ಕಥೆ ಎಂಬ ಸೊಕ್ಕು ಒಂದು ಕಡೆ, ಆ ಪತ್ರವನ್ನು ಮತ್ತೆ ನೋಡುವ ಹೆದರಿಕೆ ಒಂದು ಕಡೆ. ಚೀಲದಲ್ಲಿಟ್ಟುಕೊಂಡು ಹೋದೆ.

ಮನೆ ಹಾನಗಲ್ಲಿನ ದನದ ಡಾಕ್ಟರದು. ಅವರೇ ಶುರು ಮಾಡಿದರು. “ನನಗಂತೂ ಭಾಳ ಬ್ಯಾಸರಾತ್ರಿ. ಐವತ್ತ ಪುಟ ಬರೇ ವಾಡೇದ ಕಂಬಾ ಎಣಸ್ತಾನ. ಮತ್ತ ಆ ಆಲಿಕಲ್ಲು. ರಾತ್ರಿ ಬಿದ್ದ ಆಲಿಕಲ್ಲು ಮರುದಿವಸ ಹನ್ನೊಂದಕ್ಕ ಹೆಜ್ಜಿ ಮೂಡಿಸಿಕೊಂಡು ಕುಂತಿರ್ತಾವೇನ್ರಿ?”

ಹಿರೇಕೆರೂರಿನ ಮಾಸ್ತರಿಗೆ ಸಿಟ್ಟು ಬಂತು. ನಿವೃತ್ತರಾಗಿ ಹತ್ತು ವರ್ಷವಾದರೂ ತರಗತಿಯ ದನಿ ಹೋಗಿಲ್ಲ. “ನೂರು ವರ್ಷದ ಪುಸ್ತಕಕ್ಕ ಅಷ್ಟು ರಿಯಾಯಿತಿ ಕೊಡಬೇಕ್ರಿ. ಏನ ಕಟ್ಟ್ಯಾನ ಅಂವಾ. ಅಗಳಿ ಹಾಕಿದ ಕೋಣಿ ಒಳಗ ಖೂನಿ. ಈಗಿನವ್ರು ಯಾರ ಬರೀತಾರ ಹಂಗ?”

“ಡಾಕ್ಟರ್ ಕಿಡಿಕಿ ಒಳಗಿಂದ ಹಾವ ಬಿಟ್ಟ ಕೊಂದದ್ದಲ್ಲೇನ್ರಿ ಅದು,” ಎಂದರು ದುಂಡಶಿಯ ಮಹಾದೇವಪ್ಪ. ಒಕ್ಕಲುತನದವರು, ಹೊಲದ ಕೆಲಸದಲ್ಲಿ ಪುಸ್ತಕ ಓದಿ ಮುಗಿಸಿರಲಿಲ್ಲ. “ನಾ ಓದೂದ ಬ್ಯಾಡ್ರಿ. ನಮ್ಮವ್ವ ತವರುಮನ್ಯಾಗ, ಸವಣೂರಾಗ, ಶಾವಿಗಿ ಮಾಡ್ತ ಕೇಳಿದ್ಲಂತ. ಸಾವಿರ ಸಲ ಹೇಳ್ಯಾಳ. ಪತ್ತೇದಾರ ಭಾಳ ಹೊಟ್ಟಿಬಾಕ, ಬರೇ ಹೋಳಿಗಿ ತಿಂತಾನ.”

ಎಲ್ಲರೂ ಅವರ ಮುಖ ನೋಡಿದರು. ದನದ ಡಾಕ್ಟರು ಪುಸ್ತಕದ ಪುಟಗಳನ್ನು ಹಿಂದೆ ಮುಂದೆ ತಿರುವಿದರು. “ಪತ್ತೇದಾರ ಒಂದ್ ಕಪ್ ಚಹಾನೂ ಕುಡಿಯೂದಿಲ್ಲಲ್ರಿ ಇದರಾಗ. ಎಲ್ಲಿ ಹೋಳಿಗಿ? ಎಲ್ಲಿ ಹಾವು?”

ಹಾವು ನನ್ನದಲ್ಲ. ನಾನು ಸೂಜಿಯಲ್ಲೇ ಮುಗಿಸಿದ್ದೆ ಎಂದು ಖಾತ್ರಿಯಿತ್ತು. ಅಥವಾ ನಾನೇ ಬಿಟ್ಟಿದ್ದೆನೋ? ಕೂತಲ್ಲೇ ಗೊಂದಲವಾಯಿತು. ಮಹಾದೇವಪ್ಪನವರು ತಮ್ಮವ್ವ ಸುಳ್ಳು ಹೇಳುವವಳಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಮಾಸ್ತರು ಇದು ಬೇರೆ ಪಾಠಾಂತರ ಇರಬಹುದೆಂದು ಗಂಭೀರವಾಗಿ ಬರೆದುಕೊಂಡರು. ನಾನು ಬಗ್ಗಿ ಬಟ್ಟಲಿನ ಚೂಡಾದಲ್ಲಿ ಶೇಂಗಾ ಹುಡುಕತೊಡಗಿದೆ.

ಆಮೇಲೆ ಮಾತು ಆ ಪತ್ರಕ್ಕೆ ಬಂತು. “ಅಲ್ಲೆ ಮಾತ್ರ ಲೇಖಕ ಸಣ್ಣ ಹುಡುಗರ ಆಟ ಆಡ್ಯಾನ,” ಎಂದರು ಮಾಸ್ತರು. “ಆ ತಾಯಿ ತಪ್ಪು ಒಪ್ಪಿಕೊಂಡು ಬರೀತಾಳ. ಅದು ಸುಳ್ಳ ಅಂತ ಯಾರಿಗೆ ತಿಳಿಯೂದಿಲ್ಲ? ಇನ್ನೂ ನಲವತ್ತು ಪುಟ ಉಳಿದಿರ್ತಾವ.”

“ನನಗ ತಿಳೀಲಿಲ್ಲರಿ,” ಎಂದರು ದನದ ಡಾಕ್ಟರು. “ಆಕಿನ ಅಂತ ನಂಬಿಬಿಟ್ಟಿದ್ದೆ.”

“ಯಾವುದು ಸುಳ್ಳು?” ಎಂದೆ ನಾನು.

ವಕೀಲರು ಈ ಸಲ ಓದದೇ ಬಂದಿದ್ದಾರೆಂದು ಎಲ್ಲರಿಗೂ ಗೊತ್ತಾಗಿ ಹೋಯಿತು. ಮರ್ಯಾದೆ ಹೋದದ್ದಕ್ಕೆ ನಾಚಿಕೆಪಡಲೂ ನನಗೆ ಆಗಲಿಲ್ಲ. ಚಹಾ ಬಿಟ್ಟು, ಬಸ್ಸಿನ ನೆಪ ಹೇಳಿ ಎದ್ದೆ.

ಬಂಕಾಪುರ ಬರುವುದರೊಳಗೆ ಪತ್ರದ ಆಚೆಯ ಪುಟಗಳಲ್ಲಿ ಅರ್ಧ ಓದಿದೆ. ಅಲ್ಲಿ ಬಸ್ಸು ಬದಲಿಸಬೇಕು. ಇಳಿದವಳು ನಿಲ್ದಾಣದ ಕಲ್ಲಿನ ಮೇಲೆ ಕೂತು ಮುಗಿಸಿ, ಹಿಂದಕ್ಕೆ ತಿರುವಿ ಪತ್ರವನ್ನೂ ಓದಿದೆ. ಸವಣೂರಿನ ಬಸ್ಸು ಬಂದು, ನಿಂತು, ಹೋಯಿತು. ಕೊಲೆ ಮಾಡಿದವನು ಕಾರಭಾರಿ. ದೇಸಾಯರ ಮೃತ್ಯುಪತ್ರ ತಿದ್ದಿದ್ದ. ಮಗನನ್ನು ಗಲ್ಲಿಗೆ ಹಾಕುತ್ತಾರೆಂದು ತಿಳಿದ ಮಲತಾಯಿ, ತನ್ನದಲ್ಲದ ಕೊಲೆಯನ್ನು ತನ್ನ ಮೇಲೆ ಹಾಕಿಕೊಂಡು ಆ ಪತ್ರ ಬರೆದಿದ್ದಳು. ನಾನು ಒಂದೇ ಒಂದು ಪುಟ ತಿರುವಿದ್ದರೆ ಸಾಕಿತ್ತು.

ನನಗೆ ತಲೆಬುಡ ತಿಳಿಯದಂತಾಯಿತು. ಯಾರನ್ನು ಬದುಕಿಸಿದೆ ಎಂದುಕೊಂಡಿದ್ದೆ? ಎಂಟು ಜನ ಹೆಂಗಸರು ಬಾಯಿ ಮುಚ್ಚಿಕೊಂಡು ಕೇಳಬೇಕಾಗಿದ್ದ ಕಥೆ ಅದು. ಗೌರವ್ವಕಾಕಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ನೀಲಕ್ಕ ತಲೆ ಎತ್ತಿ ಕೂಡುತ್ತಿದ್ದಳು. ನಾನು ನಡುವೆ ಬಂದು ಸೂಜಿ ಹಿಡಿದ ಡಾಕ್ಟರನನ್ನು ತಂದು ನಿಲ್ಲಿಸಿದೆ. ಗೌರವ್ವಕಾಕಿ ಈಗಿಲ್ಲ, ಆಕೆಯ ಸಂಶಯ ಆಕೆಯ ಜೋಡಿಯೇ ಹೋಯಿತು. ದುಃಖವಾಯಿತು ಎಂದರೆ ಸಾಲದು, ನನ್ನ ಮೇಲೆ ನನಗೆ ಹೇಸಿಕೆಯಾಯಿತು. ಮತ್ತೆ ಅದೇ ಹೊತ್ತಿಗೆ, ಹನ್ನೊಂದು ವರ್ಷದ ಹುಡುಗಿಯನ್ನು ಎಷ್ಟಂತ ಬಯ್ಯುವುದು ಎಂದೂ ಅನಿಸಿತು. ಎರಡೂ ಕೂಡಿಕೊಂಡು ಮುಂದಿನ ಬಸ್ಸಿನಲ್ಲಿ ಸವಣೂರಿನವರೆಗೆ ಬಂದವು.

ಎರಡು ದಿನ ಬಿಟ್ಟು ಶಿಗ್ಗಾವಿಗೆ ಹೋದೆ. ಬಸವರಾಜ ಮಧ್ಯಾಹ್ನದ ಊಟಕ್ಕೆ ಅಂಗಡಿಯಿಂದ ಬಂದಿದ್ದ. ನೀಲಕ್ಕ ಮಂಚದ ಮೇಲೆ ಕೂತು, ಅವನ ತಾಟಿಗೆ ರೊಟ್ಟಿ ಬಿತ್ತೋ ಇಲ್ಲವೋ ಎಂದು ಸೊಸೆಗೆ ಕೇಳುತ್ತಿದ್ದಳು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಪುಸ್ತಕ ತೆರೆಯುವ ಮೊದಲು ಹೇಳಲೇಬೇಕಾದದ್ದನ್ನು ಹೇಳಿದೆ.

“ನೀಲಕ್ಕ, ಆವತ್ತು ಕಡೀ ದಿವಸ ನಾ ಓದಿದ್ದು ಸುಳ್ಳು.”

“ಗೊತ್ತೈತಿ,” ಎಂದಳು ನೀಲಕ್ಕ. “ಅರ್ಧ ತಾಸು ಓದಿದಿ, ಒಂದ ಹಾಳಿ ತಿರುವಲಿಲ್ಲ. ಅಕ್ಷರ ಬರದಾಕಿಗೆ ಅಷ್ಟೂ ತಿಳಿಯೂದಿಲ್ಲೇನು?”

ನಾನು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡೆ. ನೀಲಕ್ಕನೇ ಮುಂದುವರಿಸಿದಳು.

“ಕೊಂದಾಕಿ ಆ ಮಲತಾಯಿನ ಇರಬೇಕು, ಅದಕ್ಕ ಹುಡುಗಿ ಮುಚ್ಚಿಟ್ಟಳು ಅಂತ ತಿಳಕೊಂಡೆ. ನನ್ನ ಸಲುವಾಗಿ ಮುಚ್ಚಿಟ್ಟಿ. ನಿನ್ನ ಮ್ಯಾಲ ಸಿಟ್ಟಿಲ್ಲವಾ. ಆದ್ರ ಬಸುರಾಜಗ ಉಣ್ಣಾಕ ಹಾಕುವಾಗೆಲ್ಲ ಅದು ನೆನಪಾಗತಿತ್ತು. ಪುಸ್ತಕದಾಗೂ ಹಂಗ ಬರದಾರಲ್ಲ ಅಂತ.” ಮಗನ ತಾಟಿನ ಕಡೆ ನೋಡಿದಳು. “ಇನ್ನ ಎಷ್ಟ ದಿವಸ ಇರ್ತೇನಿ. ಏನಿದ್ರೂ ಕೇಳ್ತೇನಿ. ಓದು.”

ಹಾಗಲ್ಲ ಎಂದು ಬಾಯಿಯಿಂದ ಹೇಳುವುದಕ್ಕಿಂತ ಓದಿಬಿಡುವುದೇ ವಾಸಿ ಎನಿಸಿತು. ಮುಂಚಿನದೆಲ್ಲ ಆಕೆಗೆ ಕಂಠಪಾಠವಿತ್ತು. ಪತ್ರ ಇರುವ ಅಧ್ಯಾಯಕ್ಕೇ ಬಂದೆ. ದನಿ ಗಟ್ಟಿ ಮಾಡಿಕೊಂಡು ಓದಿದೆ:

“ದೇಸಾಯರನ್ನು ಕೊಂದವಳು ನಾನೇ. ಈ ಕೃತ್ಯದಲ್ಲಿ ಮತ್ತೊಬ್ಬರ ಕೈಯಿಲ್ಲ. ನನ್ನ ಮಗನಿಗೆ ಆ ರಾತ್ರಿ ಮೈ ಸುಡುವ ಜ್ವರವಿತ್ತು. ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ಬೆಳಗಾಗುವವರೆಗೆ ಅವನ ಹಣೆಗೆ ಒದ್ದೆಯ ಬಟ್ಟೆ ಹಾಕುತ್ತ ಕುಳಿತವಳು ನಾನು; ಇದಕ್ಕೆ ನಾನೇ ಸಾಕ್ಷಿ. ಅವನನ್ನು ಬಿಟ್ಟುಬಿಡಿರಿ.”

ಸಹಿಯ ತನಕ ಹೋಗಲು ನೀಲಕ್ಕ ಬಿಡಲಿಲ್ಲ. ನನ್ನ ಕೈ ಹಿಡಿದಳು.

“ಸುಳ್ಳ ಬರದಾಳ ಆಕಿ.”

ಬಸವರಾಜ ತಾಟಿನಿಂದ ಮುಖ ಎತ್ತಿದ. “ಹೆಂಗ ಹೇಳ್ತಿ ಅವ್ವ?”

“ಬೆಳಗಾಗೂ ತನಕ ಹಣಿ ಮ್ಯಾಲ ಅರವಿ ಹಾಕ್ಕೋತ ಕುಂತಾಕಿ ಯಾವಾಗ ಎದ್ದು ಹೋಗಿ ಕೊಂದಾಳು? ಸುಡು ಜ್ವರದಾಗ ಇದ್ದ ಕೂಸನ್ನ ಬಿಟ್ಟ ಏಳಾಕ ಆಗತೈತೇನು?”

ಮಾಸ್ತರು ಉಳಿದ ಪುಟ ಎಣಿಸಿ ಹಿಡಿದ ಸುಳ್ಳು ಅದು. ದನದ ಡಾಕ್ಟರು ಹಿಡಿಯಲೇ ಇಲ್ಲ. ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಓದಿದ ನಾನು, ಬಂಕಾಪುರದ ಕಲ್ಲಿನ ಮೇಲೆ ಅದೇ ಸಾಲುಗಳನ್ನು ಎರಡು ಸಲ ಓದಿ ಮುಂದೆ ಹೋಗಿದ್ದೆ.

“ಖರೇನ ನೀಲಕ್ಕ, ಸುಳ್ಳ ಬರದಾಳ,” ಎಂದೆ. “ಕೊಂದವ ಬ್ಯಾರೆ. ಮುಂದ ಐತಿ. ಯಾರು ಅಂತ ಓದ್ತೇನಿ.”

“ಕೊಂದವ್ರನ್ನ ತಗೊಂಡು ಏನ ಮಾಡೂದೈತಿ,” ಎಂದಳು ನೀಲಕ್ಕ. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರಿಂದ ಮಾತು ಸರಿಯಾಗಿ ಬರಲಿಲ್ಲ. “ಆ ಕಾಗದಾ ಇನ್ನೊಮ್ಮಿ ಓದವಾ. ಬಸುರಾಜಗ ಕೇಳೂವಂಗ ಓದು.”

ಬಸವರಾಜ ಎಂಜಲು ಕೈಯಲ್ಲೇ ಎದ್ದು ಬಂದು ತಾಯಿಯ ಕಾಲ ಹತ್ತಿರ ನೆಲದ ಮೇಲೆ ಕೂತ. ನಾನು ಮೊದಲಿನಿಂದ ಓದಿದೆ.